ಮೂರು ವರ್ಷಕ್ಕೆ ಮೂರು ಕ್ಲಬ್: ಸ್ಟ್ರೈಕರ್ ಮಗನ ದಾರಿ ತಪ್ಪುತ್ತಿದೆಯೇ?

ಪ್ರಶ್ನೆ: ನನ್ನ ದೊಡ್ಡ ಮಗನಿಗೆ 19 ವರ್ಷ. ಬೆಂಗಳೂರಿನ ಆಸ್ಟಿನ್ ಟೌನ್ ಮೈದಾನದಲ್ಲಿ ಫುಟ್‌ಬಾಲ್ ಆಡಿ ಬೆಳೆದವನು, ಸ್ಟ್ರೈಕರ್, ಅಂದರೆ ಗೋಲು ಹೊಡೆಯುವ ಮುಂಚೂಣಿ ಆಟಗಾರ. ಮೂರು ವರ್ಷದಲ್ಲಿ ಮೂರು ಕ್ಲಬ್ ಆಯಿತು. ಮೊದಲನೆಯದರಲ್ಲಿ ಬೆಂಚಿನಲ್ಲೇ ಕೂರಿಸಿದರು. ಎರಡನೆಯದು ದುಡ್ಡಿಲ್ಲದೆ ಸೀಸನ್ ಮಧ್ಯೆಯೇ ತಂಡ ನಿಲ್ಲಿಸಿತು. ಈಗ ಬೆಂಗಳೂರಿನ ಸೂಪರ್ ಡಿವಿಷನ್ ಲೀಗ್‌ನ ತಂಡವೊಂದರಲ್ಲಿ ಗೋಲು ಹೊಡೆಯುತ್ತಿದ್ದಾನೆ. ದೇಶದ ಅಗ್ರ ಲೀಗ್ ಐಎಸ್‌ಎಲ್‌ಗಿಂತ ಒಂದು ಹಂತ ಕೆಳಗಿನ ಲೀಗ್‌ನಲ್ಲಿ ಆಡುವ ಹೊರರಾಜ್ಯದ ಕ್ಲಬ್ಬೊಂದು ಎರಡು ವರ್ಷದ ಒಪ್ಪಂದಕ್ಕೆ ಕರೆದಿದೆ. ಇತ್ತ ಏಜೆಂಟ್ ಒಬ್ಬರು 6 ಲಕ್ಷ ಕೊಟ್ಟರೆ ಪೋರ್ಚುಗಲ್‌ನಲ್ಲಿ ಟ್ರಯಲ್ ಕೊಡಿಸುತ್ತೇನೆ, 15 ವರ್ಷದ ಕಿರಿಯವನನ್ನೂ ಕಳಿಸಿ ಎನ್ನುತ್ತಿದ್ದಾರೆ. ನಮ್ಮಣ್ಣ ಕಾರ್ಖಾನೆ ತಂಡದಲ್ಲಿ ಆಡಿ ಅಲ್ಲೇ ನಿವೃತ್ತರಾದವರು. ‘ಹೀಗೆ ಊರೂರು ಅಲೆದವನು ಎಲ್ಲೂ ಸಲ್ಲುವುದಿಲ್ಲ’ ಅಂತ ಅವರ ಮಾತು. ‘ಛೆಟ್ರಿ ಎಷ್ಟು ಕ್ಲಬ್ ಬದಲಿಸಿದ್ದಾರೆ ಗೊತ್ತಾ ಅಪ್ಪಾ’ ಅಂತ ಮಗನ ವಾದ. ಯಾರ ಮಾತು ಕೇಳಲಿ?

ಉತ್ತರ: ಕ್ಲಬ್ ಬದಲಾದದ್ದಕ್ಕಿಂತ ಹೆಚ್ಚಾಗಿ, ‘ಈ ಹುಡುಗ ಎಲ್ಲೂ ನಿಲ್ಲುವವನಲ್ಲ’ ಎಂಬ ಹೆಸರು ಅಂಟಿಬಿಟ್ಟರೆ ಮುಂದೆ ಯಾರೂ ಕರೆಯುವುದಿಲ್ಲವೇನೋ ಎಂಬುದು ನಿಮ್ಮನ್ನು ಕಾಡುತ್ತಿದೆ ಎಂದು ನಿಮ್ಮ ಪತ್ರ ಓದಿದಾಗ ಅನ್ನಿಸಿತು. ಆಟಗಾರರ ಒಪ್ಪಂದ, ನೋಂದಣಿ, ವರ್ಗಾವಣೆಯ ಕಾಗದಪತ್ರಗಳನ್ನೇ ನೋಡಿಕೊಂಡು ಬಂದವನಾಗಿ ಹೇಳುತ್ತೇನೆ: 19ರ ಸ್ಟ್ರೈಕರ್‌ನ ಕಡತದಲ್ಲಿ ಮೂರು ಕ್ಲಬ್‌ಗಳಿದ್ದರೆ ಯಾವ ಕೋಚೂ ಹುಬ್ಬೇರಿಸುವುದಿಲ್ಲ. ಅವರು ಕೇಳುವುದು ಎಷ್ಟು ನಿಮಿಷ ಆಡಿದ್ದಾನೆ, ಯಾಕೆ ಬಿಟ್ಟ ಅಂತ. ನಿಮ್ಮ ಮಗನ ಬಳಿ ಎರಡಕ್ಕೂ ಸರಿಯಾದ ಉತ್ತರವಿದೆ. ಒಂದು ಕಡೆ ಆಡಿಸಲಿಲ್ಲ, ಇನ್ನೊಂದು ಕಡೆ ತಂಡವೇ ಉಳಿಯಲಿಲ್ಲ. ಇದರಲ್ಲಿ ಅವನ ಚಂಚಲತೆ ಎಲ್ಲಿದೆ?

ನಿಮ್ಮ ಮಗ ಛೆಟ್ರಿಯ ಹೆಸರು ಎತ್ತಿದ್ದು ಸರಿಯೇ, ಆದರೆ ಆ ಕಥೆಯನ್ನು ಪೂರ್ತಿ ಓದಬೇಕು. ಸುನಿಲ್ ಛೆಟ್ರಿ 2002ರಲ್ಲಿ ಮೋಹನ್ ಬಾಗಾನ್ ಸೇರಿದರು. 2005ರಲ್ಲಿ ಪಂಜಾಬಿನ ಜೆಸಿಟಿ, 2008ರಲ್ಲಿ ಈಸ್ಟ್ ಬೆಂಗಾಲ್, 2009ರಲ್ಲಿ ಗೋವಾದ ಡೆಂಪೊ, 2010ರಲ್ಲಿ ಅಮೆರಿಕದ ಕನ್ಸಾಸ್ ಸಿಟಿ ವಿಝರ್ಡ್ಸ್, 2011ರಲ್ಲಿ ಚಿರಾಗ್ ಯುನೈಟೆಡ್, ಅದೇ ವರ್ಷ ಮತ್ತೆ ಮೋಹನ್ ಬಾಗಾನ್, 2012ರಲ್ಲಿ ಲಿಸ್ಬನ್‌ನ ಸ್ಪೋರ್ಟಿಂಗ್ ಕ್ಲಬ್‌ನ ಬಿ ತಂಡ, ಅಲ್ಲಿಂದ 2013ರಲ್ಲಿ ಲೋನ್ ಮೇಲೆ (ಒಪ್ಪಂದ ಹಳೇ ಕ್ಲಬ್ಬಿನದೇ, ಆಟ ತಾತ್ಕಾಲಿಕವಾಗಿ ಇನ್ನೊಂದರಲ್ಲಿ) ಚರ್ಚಿಲ್ ಬ್ರದರ್ಸ್. ಹನ್ನೊಂದು ವರ್ಷದಲ್ಲಿ ಎಂಟು ಬೇರೆ ಬೇರೆ ಕ್ಲಬ್‌ಗಳ ಜೆರ್ಸಿ. ಲೆಕ್ಕ ಇಷ್ಟಕ್ಕೇ ನಿಂತಿದ್ದರೆ ನಿಮ್ಮಣ್ಣ ಅವರ ಬಗ್ಗೆಯೂ ಅದೇ ಮಾತು ಆಡುತ್ತಿದ್ದರು.

ಈ ಸಾಲಿನಲ್ಲಿ ಜೆಸಿಟಿಯ ಮೂರು ವರ್ಷಗಳನ್ನು ನಾನು ಎಲ್ಲಕ್ಕಿಂತ ಮುಖ್ಯ ಅಂದುಕೊಂಡಿದ್ದೇನೆ, ಜನ ಅದನ್ನು ನೆನೆಯುವುದೇ ಕಡಿಮೆ. ಮೋಹನ್ ಬಾಗಾನ್‌ನಂಥ ದೊಡ್ಡ ಹೆಸರನ್ನು ಬಿಟ್ಟು, ಕೋಲ್ಕತ್ತದ ಗದ್ದಲದಿಂದ ದೂರದ ಫಗ್ವಾಡಾಕ್ಕೆ ಹೋದರು. ಅಲ್ಲಿ ಪ್ರತಿ ವಾರ ಆಡಲು ಸಿಕ್ಕಿತು. ಜೆಸಿಟಿ ಸೇರಿದ ವರ್ಷವೇ, 2005ರ ಜೂನ್ 12ರಂದು, ಕ್ವೆಟ್ಟಾದಲ್ಲಿ ಪಾಕಿಸ್ತಾನದ ವಿರುದ್ಧ ಭಾರತಕ್ಕೆ ಮೊದಲ ಪಂದ್ಯ ಆಡಿ ಗೋಲು ಹೊಡೆದರು. 2006-07ರಲ್ಲಿ ಜೆಸಿಟಿ ರಾಷ್ಟ್ರೀಯ ಲೀಗ್‌ನಲ್ಲಿ ಎರಡನೇ ಸ್ಥಾನಕ್ಕೆ ಬಂತು. 20ರಿಂದ 23ರ ವಯಸ್ಸಿನಲ್ಲಿ ಒಂದೇ ತಂಡದಲ್ಲಿ ಸತತವಾಗಿ ಆಡಿದ್ದು ಆಮೇಲಿನ ಅಲೆದಾಟಕ್ಕೆಲ್ಲ ಬುನಾದಿಯಾಯಿತು.

ಇನ್ನು ವಿದೇಶದ ಭಾಗ. ಏಜೆಂಟರು ಹೇಳುವಾಗ ಇಲ್ಲಿ ಬಹಳ ಬಣ್ಣ ಸೇರುತ್ತದೆ, ಅದಕ್ಕೇ ನಡೆದದ್ದನ್ನು ಹಾಗೇ ಹೇಳುತ್ತೇನೆ. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಛೆಟ್ರಿಯನ್ನು ತೆಗೆದುಕೊಳ್ಳಲು ಸಿದ್ಧವಿತ್ತು. ಒಪ್ಪಂದವೂ ಆಗಿತ್ತು. ಆದರೆ ಭಾರತ ಫಿಫಾ ರ್‍ಯಾಂಕಿಂಗ್‌ನಲ್ಲಿ ಮೊದಲ 70ರೊಳಗೆ ಇಲ್ಲ ಎಂಬ ಕಾರಣಕ್ಕೆ ಬ್ರಿಟನ್ ಸರ್ಕಾರ ವರ್ಕ್ ಪರ್ಮಿಟ್ ನಿರಾಕರಿಸಿತು. ಆಟಗಾರನಲ್ಲಿ ಕೊರತೆ ಇರಲಿಲ್ಲ, ಕ್ಲಬ್‌ಗೂ ಮನಸ್ಸಿತ್ತು, ಒಂದು ಕಾಗದದಿಂದ ಬಾಗಿಲು ಮುಚ್ಚಿತು. ಮರುವರ್ಷ ಕನ್ಸಾಸ್‌ನಲ್ಲಿ ಅವರಿಗೆ ಸಿಕ್ಕಿದ ಅಧಿಕೃತ ಪಂದ್ಯ ಒಂದೇ ಒಂದು, ಅದೂ ಓಪನ್ ಕಪ್ ಎಂಬ ನಾಕೌಟ್ ಟೂರ್ನಿಯಲ್ಲಿ. ಲೀಗ್‌ನಲ್ಲಿ ಒಂದು ನಿಮಿಷವೂ ಸಿಗಲಿಲ್ಲ. ಲಿಸ್ಬನ್‌ನಲ್ಲಿ ಬಿ ತಂಡಕ್ಕೆ ಆಡಿದ್ದು ಮೂರು ಪಂದ್ಯ. ಆಗ ಅವರು ಭಾರತ ತಂಡದ ನಾಯಕ, 2011ರ ಏಷ್ಯನ್ ಕಪ್‌ನಲ್ಲಿ ಬಹ್ರೇನ್ ಮತ್ತು ದಕ್ಷಿಣ ಕೊರಿಯಾ ವಿರುದ್ಧ ಗೋಲು ಹೊಡೆದವರು. ಅಂಥವರಿಗೇ ಯೂರೋಪಿನಲ್ಲಿ ಸಿಕ್ಕಿದ್ದು ಅಷ್ಟು.

ಅಲ್ಲಿ ಹೋಗಿದ್ದು ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ಊಟ, ನಿದ್ದೆ, ದೇಹ ನೋಡಿಕೊಳ್ಳುವ ಶಿಸ್ತು ಇವೆಲ್ಲ ದೊಡ್ಡ ಕ್ಲಬ್ಬಿನ ತರಬೇತಿಯಲ್ಲಿ ಕಣ್ಣಿಗೆ ಬೀಳುತ್ತವೆ. ಆದರೆ ಲಿಸ್ಬನ್‌ನಲ್ಲಿ ಆಟ ಸಿಗದೇ ಇದ್ದಾಗ ಅವರು ಹೆಸರಿಗೆ ಅಂಟಿಕೊಂಡು ಕೂರಲಿಲ್ಲ ನೋಡಿ. ವರ್ಷ ತುಂಬುವುದರೊಳಗೆ ಲೋನ್ ಮೇಲೆ ಗೋವಾಕ್ಕೆ ಬಂದು ಚರ್ಚಿಲ್ ಬ್ರದರ್ಸ್ ಜೊತೆ ಆಗಿನ ಅಗ್ರ ಲೀಗ್ ಐ-ಲೀಗ್ ಗೆದ್ದರು. ಆ ಬೇಸಿಗೆಯಲ್ಲೇ ಆಗಷ್ಟೇ ಹುಟ್ಟಿದ್ದ ಬೆಂಗಳೂರು ಎಫ್‌ಸಿ ಸೇರಿದರು. ಮೊದಲ ಸೀಸನ್‌ನಲ್ಲೇ 14 ಗೋಲು, ಐ-ಲೀಗ್ ಪ್ರಶಸ್ತಿ. ನಡುವೆ ಮುಂಬೈ ಸಿಟಿಗೆ ಲೋನ್ ಮೇಲೆ ಐಎಸ್‌ಎಲ್ ಆಡಿ ಬಂದದ್ದು ಬಿಟ್ಟರೆ ಮತ್ತೆ ಕ್ಲಬ್ ಬದಲಿಸಲೇ ಇಲ್ಲ. 29ರ ಹೊತ್ತಿಗೆ ನಿಂತರು, ನಿಂತ ಮೇಲೆ ಬೆಳೆದದ್ದೇ ಹೆಚ್ಚು. ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ 2016ರ ಫೈನಲ್, 2018-19ರ ಐಎಸ್‌ಎಲ್ ಪ್ರಶಸ್ತಿ ಎಲ್ಲ ಆಮೇಲೆ ಬಂದವು. 2024-25ರ ಐಎಸ್‌ಎಲ್‌ನಲ್ಲಿ, 40ರ ವಯಸ್ಸಿನಲ್ಲಿ, 14 ಗೋಲು. ಕಂಠೀರವದಲ್ಲಿ ಆ ಆಟ ನೋಡಿದವರಿಗೆ ಅದರ ಬೆಲೆ ಗೊತ್ತು.

ಹಾಗಾಗಿ ನಿಮ್ಮಣ್ಣ ಮತ್ತು ನಿಮ್ಮ ಮಗನ ನಡುವಿನ ವಾದದಲ್ಲಿ ನನ್ನ ತೀರ್ಪು ಹೀಗಿದೆ: ಛೆಟ್ರಿ ಬಹಳ ಕ್ಲಬ್ ಬದಲಿಸಿದ್ದು ನಿಜ, ಆದರೆ ಅದರಿಂದಲೇ ದೊಡ್ಡವರಾದದ್ದು ಸುಳ್ಳು. ಆಟ ಸಿಗುವ ಕಡೆಗೆ ಹೋದಾಗಲೆಲ್ಲ ಮೇಲೆ ಬಂದಿದ್ದಾರೆ, ಹೆಸರಿನ ಕಡೆಗೆ ಹೋದಾಗ ಬೆಂಚಿನಲ್ಲಿ ಕೂತಿದ್ದಾರೆ.

ಸ್ಟ್ರೈಕರ್‌ಗಳೇ ಯಾಕೆ ಹೆಚ್ಚು ಅಲೆಯುತ್ತಾರೆ ಎಂಬುದನ್ನೂ ಅರ್ಥ ಮಾಡಿಕೊಳ್ಳಿ. ಉರುಗ್ವೆಯ ಸೆಬಾಸ್ಟಿಯನ್ ಅಬ್ರೂ 30ಕ್ಕೂ ಹೆಚ್ಚು ಕ್ಲಬ್‌ಗಳಿಗೆ ಆಡಿ ಗಿನ್ನೆಸ್ ದಾಖಲೆ ಮಾಡಿದವರು. 2010ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಘಾನಾ ವಿರುದ್ಧದ ಪೆನಾಲ್ಟಿ ಶೂಟೌಟ್‌ನ ಕೊನೆಯ ಕಿಕ್ ಅವರ ಕಾಲಿಗೆ ಬಂದಾಗ ಚೆಂಡನ್ನು ಮೆಲ್ಲಗೆ ಎತ್ತಿ ಮಧ್ಯಕ್ಕೇ ಹಾಕಿದರಲ್ಲ, ಅವರೇ. ಅಷ್ಟು ಕ್ಲಬ್ ಅಲೆದವರನ್ನೂ ದೇಶದ ತಂಡ ವಿಶ್ವಕಪ್‌ಗೆ ಕರೆದೊಯ್ದಿತ್ತು. ಡಿಫೆಂಡರ್ ಒಬ್ಬ ಚೆನ್ನಾಗಿ ಆಡಿದನೇ ಇಲ್ಲವೇ ಅಂತ ಹೇಳಲು ಹತ್ತು ಪಂದ್ಯ ಕೂತು ನೋಡಬೇಕು. ಸ್ಟ್ರೈಕರ್‌ನನ್ನು ಒಂದೇ ಅಂಕಿಯಿಂದ ಅಳೆಯುತ್ತಾರೆ. ನಾಲ್ಕು ಪಂದ್ಯ ಗೋಲಿಲ್ಲದಿದ್ದರೆ ಬೆಂಚು, ಎಂಟಾದರೆ ಹುಡುಕಾಟ. ಕೋಚ್ ಬದಲಾದರೆ ಮೊದಲು ಬದಲಾಗುವ ಜಾಗವೂ ಅದೇ. ಮೇಲಾಗಿ ಈಗಿನ ಬಹುತೇಕ ತಂಡಗಳು ಮುಂದೆ ಒಬ್ಬನನ್ನೇ ಆಡಿಸುತ್ತವೆ.

ನಮ್ಮ ದೇಶದಲ್ಲಿ ಇನ್ನೊಂದು ಕಷ್ಟವಿದೆ. ಆ ಒಂದೇ ಜಾಗಕ್ಕೆ ಕ್ಲಬ್‌ಗಳು ವಿದೇಶಿಯನ್ನು ತರುತ್ತವೆ. ಐಎಸ್‌ಎಲ್‌ನಲ್ಲಿ ಮೈದಾನದಲ್ಲಿರುವ ವಿದೇಶಿಯರ ಸಂಖ್ಯೆಯನ್ನು 2021-22ರಿಂದ ಐದರಿಂದ ನಾಲ್ಕಕ್ಕೆ ಇಳಿಸಿದರೂ, ಆ ನಾಲ್ವರಲ್ಲಿ ಒಬ್ಬ ಹೆಚ್ಚಾಗಿ ಸ್ಟ್ರೈಕರೇ. ನೈಜೀರಿಯಾದ ಬಾರ್ತಲೋಮ್ಯೂ ಓಗ್ಬೆಚೆಯನ್ನು ನೆನಪಿಸಿಕೊಳ್ಳಿ. ಪ್ಯಾರಿಸ್‌ನಲ್ಲಿ ಶುರು ಮಾಡಿ, ಫ್ರಾನ್ಸ್, ಸ್ಪೇನ್, ಇಂಗ್ಲೆಂಡ್, ನೆದರ್‌ಲ್ಯಾಂಡ್ಸ್ ಎಲ್ಲ ಸುತ್ತಿ 2018ರಲ್ಲಿ ನಾರ್ತ್‌ಈಸ್ಟ್ ಯುನೈಟೆಡ್‌ಗೆ ಬಂದರು. ಆಗ ವಯಸ್ಸು 33 ದಾಟಿತ್ತು. ಅಲ್ಲಿಂದ ಕೇರಳ ಬ್ಲಾಸ್ಟರ್ಸ್, ಮುಂಬೈ ಸಿಟಿ, ಹೈದರಾಬಾದ್. ಐದು ಸೀಸನ್, ನಾಲ್ಕು ಕ್ಲಬ್, ಹೋದಲ್ಲೆಲ್ಲ ಗೋಲು. 2021-22ರಲ್ಲಿ 18 ಗೋಲು ಹೊಡೆದು ಹೈದರಾಬಾದ್‌ಗೆ ಪ್ರಶಸ್ತಿ ತಂದರು. ಅಷ್ಟು ದೇಶ ಸುತ್ತಿದವನಿಗೆ ಎಂಥ ಡಿಫೆನ್ಸ್ ಎದುರಾದರೂ ಮೊದಲೇ ಕಂಡದ್ದು. ನಿಮ್ಮ ಮಗ ಪೈಪೋಟಿ ನಡೆಸಬೇಕಾದದ್ದು ಇಂಥವರ ಜೊತೆ. ಹೊಸ ಕ್ಲಬ್‌ಗೆ ಮೊದಲು ಕೇಳಬೇಕಾದ ಪ್ರಶ್ನೆಯೂ ಇಲ್ಲೇ ಹುಟ್ಟುತ್ತದೆ: ನಿಮ್ಮಲ್ಲಿ ವಿದೇಶಿ ಸ್ಟ್ರೈಕರ್ ಇದ್ದಾರೆಯೇ, ಎಷ್ಟು ಜನ?

ಬದಲಾವಣೆಗೆ ತೆರಬೇಕಾದ ಬೆಲೆಯೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಅಶೋಕನಗರದ ಸ್ಟೇಡಿಯಂನಲ್ಲಿ ಹುಡುಗರ ಆಟ ನೋಡುವಾಗ ನಾನು ಚೆಂಡನ್ನು ಬಿಟ್ಟು ಸ್ಟ್ರೈಕರ್‌ನನ್ನೇ ನೋಡುತ್ತೇನೆ. ಚೆಂಡು ಬಲ ವಿಂಗ್‌ನಲ್ಲಿದೆ ಅಂದುಕೊಳ್ಳಿ. ಒಳ್ಳೆಯ ಸ್ಟ್ರೈಕರ್ ದೂರದ ಪೋಸ್ಟ್ ಕಡೆಗೆ ಎರಡು ಹೆಜ್ಜೆ ಹಾಕುತ್ತಾನೆ. ಸೆಂಟರ್ ಬ್ಯಾಕ್ ಅವನ ಜೊತೆ ಸರಿಯುತ್ತಾನೆ. ವಿಂಗರ್ ಕ್ರಾಸ್ ಹಾಕಲು ತಲೆ ಬಗ್ಗಿಸಿದ ಆ ಕ್ಷಣಕ್ಕೆ ಇವನು ಗಕ್ಕನೆ ತಿರುಗಿ ಹತ್ತಿರದ ಪೋಸ್ಟ್‌ಗೆ ನುಗ್ಗುತ್ತಾನೆ, ಡಿಫೆಂಡರ್ ಒಂದು ಗಜ ಹಿಂದೆ ಬೀಳುತ್ತಾನೆ. ಆ ವಿಂಗರ್ ತಲೆ ಎತ್ತದೆಯೇ ಚೆಂಡನ್ನು ಅಲ್ಲಿಗೆ ಕಳಿಸಬೇಕಾದರೆ ಇಬ್ಬರೂ ತಿಂಗಳುಗಟ್ಟಲೆ ಒಟ್ಟಿಗೆ ಆಡಿರಬೇಕು. ಬೆಂಗಳೂರು ಎಫ್‌ಸಿಯಲ್ಲಿ ಉದಾಂತ ಸಿಂಗ್ ಇದ್ದಾಗ ಅವರು ಬಲಗಡೆ ಓಡಿದರೆ ಛೆಟ್ರಿ ಎಲ್ಲಿರುತ್ತಿದ್ದರು ಅನ್ನುವುದು ವರ್ಷಗಳ ಒಡನಾಟದಿಂದ ಬಂದದ್ದು. ಪ್ರತಿ ಸಲ ಕ್ಲಬ್ ಬದಲಿಸಿದಾಗ ಈ ಹೊಂದಾಣಿಕೆ ಸೊನ್ನೆಯಿಂದ ಶುರು. ಮೊದಲ ಎರಡು ಮೂರು ತಿಂಗಳು ಗೋಲು ಕಡಿಮೆಯಾಗುವುದು ಸಹಜ, ಅಷ್ಟರಲ್ಲೇ ಕೋಚ್ ತಾಳ್ಮೆ ಕಳೆದುಕೊಂಡರೆ ಮತ್ತೆ ಗಂಟುಮೂಟೆ. ನಿಮ್ಮಣ್ಣನ ಮಾತಿನಲ್ಲಿ ಸತ್ಯ ಇರುವುದು ಇಷ್ಟರಲ್ಲಿ.

ಅವರ ಕಾಲದ ಬೆಂಗಳೂರು ಫುಟ್‌ಬಾಲ್ ಬೇರೆಯೇ ಇತ್ತು. ಎಚ್‌ಎಎಲ್, ಐಟಿಐ ಥರದ ಕಾರ್ಖಾನೆಗಳು ತಂಡ ಕಟ್ಟುತ್ತಿದ್ದವು, ಆಟಗಾರನಿಗೆ ನೌಕರಿ ಕೊಡುತ್ತಿದ್ದವು. ಮಂಡಿ ನೋವಾದರೂ ತಿಂಗಳ ಸಂಬಳ ನಿಲ್ಲುತ್ತಿರಲಿಲ್ಲ. ಅಂಥ ನೆಲೆ ಇದ್ದಾಗ ಕ್ಲಬ್ ಬದಲಿಸುವುದು ಹುಚ್ಚುತನವೇ ಆಗಿತ್ತು. ಈಗ ಆ ನೆಲೆ ಹೆಚ್ಚಿನ ಹುಡುಗರಿಗಿಲ್ಲ. ಕ್ಲಬ್‌ಗಳೇ ಮುಚ್ಚುತ್ತವೆ. 2010ರಲ್ಲಿ ಮಹೀಂದ್ರಾ ಯುನೈಟೆಡ್ ತಂಡ ವಿಸರ್ಜನೆಯಾಯಿತು, ಮರುವರ್ಷ ಛೆಟ್ರಿಯನ್ನು ಬೆಳೆಸಿದ ಜೆಸಿಟಿಯೂ ಮುಚ್ಚಿತು. 2016ರಲ್ಲಿ ಡೆಂಪೊ ಐ-ಲೀಗ್‌ನಿಂದ ಹಿಂದೆ ಸರಿಯಿತು. 2025ರ ಜುಲೈನಲ್ಲಂತೂ ಐಎಸ್‌ಎಲ್‌ನ ಮುಂದಿನ ಸೀಸನ್ ಅನ್ನೇ ತಡೆಹಿಡಿದು, ದೇಶದ ಅತಿ ದೊಡ್ಡ ಆಟಗಾರರೂ ತಿಂಗಳುಗಟ್ಟಲೆ ಕಾದು ಕೂರಬೇಕಾಯಿತು. ಇಂಥ ಸ್ಥಿತಿಯಲ್ಲಿ ‘ಒಂದೇ ಕಡೆ ಇರು’ ಎಂದು ಹುಡುಗನಿಗೆ ಹೇಳುವುದು ಅನ್ಯಾಯ. ಆದರೆ ನಿಮ್ಮಣ್ಣ ಆತಂಕ ಪಡುವುದೂ ಪ್ರೀತಿಯಿಂದಲೇ. ಡಿಗ್ರಿ ಕೈಬಿಡಬೇಡ ಎಂದು ಅವರು ಹೇಳಿದರೆ ಆ ಮಾತನ್ನು ನಾನೂ ಎತ್ತಿಹಿಡಿಯುತ್ತೇನೆ. ರೈಲ್ವೆ, ಸೇನೆ, ಪೊಲೀಸ್ ತಂಡಗಳಲ್ಲಿ ಕ್ರೀಡಾ ಕೋಟಾ ಈಗಲೂ ಇದೆ, ಅದಕ್ಕೂ ವಿದ್ಯಾರ್ಹತೆ ಕೇಳುತ್ತಾರೆ.

ಈಗ ನಿಮ್ಮ ಮುಂದಿರುವ ಆಯ್ಕೆಗಳಿಗೆ ಬರೋಣ. ಹೊರರಾಜ್ಯದ ಕ್ಲಬ್‌ನ ಕರೆ ನನಗೆ ಒಳ್ಳೆಯದೆನಿಸುತ್ತದೆ, ಷರತ್ತುಗಳು ಸರಿ ಇದ್ದರೆ. ಸೂಪರ್ ಡಿವಿಷನ್‌ನಲ್ಲಿ ಗೋಲು ಹೊಡೆಯುವ ಹುಡುಗ ಮೇಲಿನ ಹಂತಕ್ಕೆ ಹೋಗಲು 19 ಸರಿಯಾದ ವಯಸ್ಸು. ಒಪ್ಪಂದದ ಕರಡು ಕಾಗದ ಮೊದಲೇ ತರಿಸಿಕೊಳ್ಳಿ, ಸಹಿ ಹಾಕುವ ದಿನ ಓದಲು ಕೂರಬೇಡಿ. ಸಂಬಳ ವರ್ಷಕ್ಕೆ ಎಷ್ಟು ತಿಂಗಳು ಕೊಡುತ್ತಾರೆ ಎಂದು ನೋಡಿ. ತಿಂಗಳ ಮೊತ್ತ ದೊಡ್ಡದಾಗಿ ಕಂಡು, ಸೀಸನ್ ಮುಗಿದ ಮೇಲಿನ ತಿಂಗಳುಗಳಿಗೆ ಏನೂ ಇಲ್ಲದ ಒಪ್ಪಂದಗಳು ಎಷ್ಟೋ ಇವೆ. ಗಾಯವಾದರೆ ಚಿಕಿತ್ಸೆ ಯಾರದು, ಆ ಅವಧಿಯಲ್ಲಿ ಸಂಬಳ ಉಂಟೇ ಎಂಬುದು ಬರಹದಲ್ಲಿರಬೇಕು. ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದರೆ ಶಸ್ತ್ರಚಿಕಿತ್ಸೆ, ಫಿಸಿಯೋ ಎಲ್ಲ ಸೇರಿ ಮತ್ತೆ ಮೈದಾನಕ್ಕೆ ಇಳಿಯಲು ಆರರಿಂದ ಒಂಬತ್ತು ತಿಂಗಳು, ಕೆಲವರಿಗೆ ವರ್ಷ. ಆ ಖರ್ಚು ಒಂದು ಮನೆಯನ್ನೇ ಅಲ್ಲಾಡಿಸುತ್ತದೆ.

ನಾನು ಅತಿ ಹೆಚ್ಚು ಜಗಳ ಕಂಡಿರುವ ಒಂದು ಸಾಲು ಇದೆ: ‘ಕ್ಲಬ್ ಬಯಸಿದಲ್ಲಿ ಒಪ್ಪಂದವನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಬಹುದು.’ ನೋಡಲು ಭದ್ರತೆಯಂತೆ ಕಾಣುತ್ತದೆ. ಹುಡುಗ ಚೆನ್ನಾಗಿ ಆಡಿದರೆ ಹಳೇ ಸಂಬಳಕ್ಕೇ ಕಟ್ಟಿಹಾಕುತ್ತಾರೆ, ಆಡದಿದ್ದರೆ ಕೈಬಿಡುತ್ತಾರೆ. ಎರಡೂ ಕಡೆಯ ಒಪ್ಪಿಗೆ ಬೇಕು ಎಂದು ತಿದ್ದಿಸಿ, ಇಲ್ಲವೇ ಆ ಮೂರನೇ ವರ್ಷದ ಸಂಬಳವನ್ನು ಈಗಲೇ ಏರಿಸಿ ಬರೆಸಿ. ‘ಪ್ರದರ್ಶನ ತೃಪ್ತಿಕರವಾಗಿಲ್ಲದಿದ್ದರೆ ಒಪ್ಪಂದ ರದ್ದು’ ಎಂಬ ಸಾಲಿದ್ದರೆ ತೆಗೆಸಿ. ತೃಪ್ತಿಗೆ ಅಳತೆ ಯಾವುದು? ಸಹಿ ಆದ ಮೇಲೆ ವೈದ್ಯಕೀಯ ಪರೀಕ್ಷೆಯ ನೆಪ ಹೇಳಿ ಹಿಂದೆ ಸರಿಯುವಂತಿಲ್ಲ ಎಂಬುದೂ ಫಿಫಾ ನಿಯಮದಲ್ಲೇ ಇದೆ. ಒಪ್ಪಂದ ವೈದ್ಯಕೀಯ ಪರೀಕ್ಷೆಯ ಫಲಿತಾಂಶಕ್ಕೆ ಅಧೀನ ಎಂದು ಬರೆಯುವಂತಿಲ್ಲ. ಪರೀಕ್ಷೆ ಏನಿದ್ದರೂ ಸಹಿಗೆ ಮುಂಚೆ.

ಸಂಬಳ ನಿಂತರೆ? ಎರಡು ತಿಂಗಳ ಸಂಬಳ ಬಾಕಿ ಬಿದ್ದು, ಲಿಖಿತ ನೋಟಿಸ್ ಕೊಟ್ಟು ಕನಿಷ್ಠ 15 ದಿನ ಕಾದರೂ ಹಣ ಬಾರದಿದ್ದರೆ ಆಟಗಾರ ಒಪ್ಪಂದ ಮುರಿಯಬಹುದು ಎಂಬುದು ಫಿಫಾದ ನಿಯಮ. ದೇಶದೊಳಗಿನ ವ್ಯಾಜ್ಯಗಳನ್ನು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಆಟಗಾರರ ಸ್ಥಾನಮಾನ ಸಮಿತಿ ನೋಡುತ್ತದೆ. ಹುಡುಗರು ಎಡವುವುದು ಎಲ್ಲಿ ಗೊತ್ತೇ? ಸಿಟ್ಟಿನಲ್ಲಿ ನೋಟಿಸ್ ಕೊಡದೆ ಬ್ಯಾಗ್ ಕಟ್ಟಿಕೊಂಡು ಊರಿಗೆ ಬಂದುಬಿಡುತ್ತಾರೆ. ಆಗ ಒಪ್ಪಂದ ಮುರಿದವರು ಇವರೇ ಎಂದಾಗುತ್ತದೆ. ಸಂಬಳ ಬ್ಯಾಂಕಿಗೇ ಬರಲಿ, ಮಾತುಕತೆ ಇಮೇಲ್‌ನಲ್ಲಿ ಇರಲಿ.

ಇನ್ನೊಂದು ನಿಯಮ ಬಹಳ ಜನರಿಗೆ ಗೊತ್ತಿಲ್ಲ. ಒಂದು ಸೀಸನ್‌ನಲ್ಲಿ ಆಟಗಾರ ಮೂರು ಕ್ಲಬ್‌ಗಳಲ್ಲಿ ನೋಂದಣಿ ಆಗಬಹುದು, ಆದರೆ ಅಧಿಕೃತ ಪಂದ್ಯ ಆಡುವುದು ಎರಡಕ್ಕೆ ಮಾತ್ರ. ಈಗಿನ ತಂಡಕ್ಕೆ ಆಡಿ ಹೊಸದಕ್ಕೂ ಆಡಿದರೆ ಈ ಸೀಸನ್‌ನಲ್ಲಿ ಮೂರನೆಯದು ಕಷ್ಟ. ಹೊಸ ಕ್ಲಬ್ ಸರಿಹೋಗದಿದ್ದರೆ ಲೋನ್ ಮೇಲೆ ಇನ್ನೊಂದು ಕಡೆ ಹೋಗುತ್ತೇನೆ ಎಂಬ ಲೆಕ್ಕ ಅವನ ತಲೆಯಲ್ಲಿದ್ದರೆ ಈಗಲೇ ತಿಳಿಸಿ. ಈಗಿನ ಕ್ಲಬ್ ಎನ್‌ಒಸಿಗೆ (ನಿರಾಕ್ಷೇಪಣಾ ಪತ್ರಕ್ಕೆ) ‘ತರಬೇತಿ ಖರ್ಚು’ ಕೊಡಿ ಎಂದು ನಿಮ್ಮನ್ನು ಕೇಳಿದರೆ ಒಪ್ಪಬೇಡಿ. ತರಬೇತಿ ಪರಿಹಾರ ಎಂಬುದು ನಿಜವಾಗಿ ಇದೆ, ಆದರೆ ಅದನ್ನು ಕೊಡಬೇಕಾದದ್ದು ಹೊಸ ಕ್ಲಬ್, ಆಟಗಾರನ ಮನೆಯವರಲ್ಲ.

ಪೋರ್ಚುಗಲ್ ವಿಷಯಕ್ಕೆ ನನ್ನ ಉತ್ತರ: ‘ಬೇಡ’. ನಿಜವಾಗಿ ಬೇಕಾದ ಆಟಗಾರನನ್ನು ಕ್ಲಬ್ ತಾನೇ ಕರೆಯುತ್ತದೆ, ಕ್ಲಬ್‌ನ ಹೆಸರಿನಲ್ಲೇ ಪತ್ರ ಬರುತ್ತದೆ. ಆಟಗಾರನೇ ಲಕ್ಷಗಟ್ಟಲೆ ಕಟ್ಟಿ ಹೋಗುವ ಟ್ರಯಲ್ ಅಂದರೆ ಹೆಚ್ಚಿನ ಸಲ ಯಾವುದೋ ಖಾಸಗಿ ಅಕಾಡೆಮಿಯ ಕ್ಯಾಂಪ್. ಅಲ್ಲಿ ಕೆಲವು ಕೆಳ ಡಿವಿಷನ್ ತಂಡಗಳ ಜೊತೆ ಸ್ನೇಹಪಂದ್ಯ ಆಡಿಸಿ, ಫೋಟೊ ತೆಗೆದು ಕಳಿಸುತ್ತಾರೆ. ಪ್ರವಾಸಿ ವೀಸಾದಲ್ಲಿ ಅಲ್ಲಿರಬಹುದಾದದ್ದು 180 ದಿನಗಳಲ್ಲಿ 90 ದಿನ, ಆ ವೀಸಾದಲ್ಲಿ ಸಂಬಳಕ್ಕೆ ಆಡುವಂತಿಲ್ಲ. ಸಾಲ ಮಾಡಿ ಹೋಗಿ, ಹಿಂದಿರುಗುವಾಗ ಇಲ್ಲಿನ ನೋಂದಣಿ ಅವಧಿ ಮುಗಿದು ಇಡೀ ಸೀಸನ್ ಕಳೆದುಕೊಂಡ ಹುಡುಗರನ್ನು ನೋಡಿದ್ದೇನೆ. 19ರಲ್ಲಿ ಒಂದು ಸೀಸನ್ ಅಂದರೆ ದೊಡ್ಡ ನಷ್ಟ. ಆ ಏಜೆಂಟ್‌ಗೆ ಫಿಫಾ ಪರವಾನಗಿ ಇದೆಯೇ ಎಂದು ಫಿಫಾದ ಜಾಲತಾಣದಲ್ಲಿ ನೀವೇ ಹುಡುಕಬಹುದು, 2023ರ ಅಕ್ಟೋಬರ್‌ನಿಂದ ಪರವಾನಗಿ ಇಲ್ಲದೆ ಈ ಕೆಲಸ ಮಾಡುವಂತಿಲ್ಲ. ಸರಿಯಾದ ಏಜೆಂಟರ ಗಳಿಕೆ ಆಟಗಾರನ ಸಂಬಳದ ಮೇಲಿನ ಶೇಕಡಾವಾರು. ಸಂಬಳಕ್ಕೆ ಮುಂಚೆಯೇ 6 ಲಕ್ಷ ಕೇಳುವವರ ಗಳಿಕೆ ನಿಮ್ಮ ಜೇಬಿನಿಂದ.

ಕಿರಿಯವನ ವಿಷಯ ಇನ್ನೂ ಸ್ಪಷ್ಟ. 18 ತುಂಬದ ಆಟಗಾರರ ಅಂತರರಾಷ್ಟ್ರೀಯ ವರ್ಗಾವಣೆಯನ್ನು ಫಿಫಾ ನಿಷೇಧಿಸಿದೆ. ತಂದೆ-ತಾಯಿ ಫುಟ್‌ಬಾಲ್‌ಗೆ ಸಂಬಂಧವಿಲ್ಲದ ಕಾರಣಕ್ಕೆ ಆ ದೇಶಕ್ಕೆ ಹೋಗಿ ನೆಲೆಸಿದ್ದರೆ ಎಂಬಂಥ ಕೆಲವೇ ವಿನಾಯಿತಿಗಳಿವೆ, ನಿಮಗೆ ಅವು ಅನ್ವಯಿಸುವುದಿಲ್ಲ. 15ರ ಹುಡುಗನನ್ನು ಕಳಿಸಿ ಎಂದು ಕೇಳಿದವರಿಗೆ ಈ ನಿಯಮ ಗೊತ್ತಿಲ್ಲದಿದ್ದರೆ ಅವರು ಏಜೆಂಟರಲ್ಲ, ಗೊತ್ತಿದ್ದೂ ಕೇಳಿದ್ದರೆ ಅವರ ಜೊತೆ ದೊಡ್ಡವನ ಮಾತನ್ನೂ ಆಡಬೇಡಿ.

ಈಗಿನ ಕ್ಲಬ್‌ನಲ್ಲೇ ಇನ್ನೊಂದು ಸೀಸನ್ ಇರುವುದು ಮೂರನೆಯ ದಾರಿ, ನೀವು ಪತ್ರದಲ್ಲಿ ಅದನ್ನು ಬರೆದಿಲ್ಲ. ಹೊರರಾಜ್ಯದ ಕ್ಲಬ್‌ನಲ್ಲಿ ಇಬ್ಬರು ವಿದೇಶಿ ಸ್ಟ್ರೈಕರ್‌ಗಳಿದ್ದು, ಕರೆದ ಕೋಚ್‌ನ ಒಪ್ಪಂದವೇ ಈ ಸೀಸನ್‌ಗೆ ಮುಗಿಯುವುದಿದ್ದರೆ ನಾನು ಇದನ್ನೇ ಆರಿಸುತ್ತೇನೆ. ಇಲ್ಲಿ ಪ್ರತಿ ವಾರ ಆಡುತ್ತಿದ್ದಾನೆ, ಗೋಲು ಬರುತ್ತಿದೆ. ಅಪಾಯ ಒಂದೇ, ಒಂದೇ ಮಟ್ಟದ ಡಿಫೆಂಡರ್‌ಗಳ ಎದುರು ಆಡಿ ಆಡಿ ಬೆಳವಣಿಗೆ ನಿಲ್ಲುವುದು. ಹಾಗಾಗಿ ಒಂದು ಸೀಸನ್‌ಗಿಂತ ಹೆಚ್ಚು ಬೇಡ. ಎಲ್ಲಿದ್ದರೂ ಅವನ ಪಂದ್ಯಗಳನ್ನು ಪೂರ್ತಿ ಚಿತ್ರೀಕರಿಸಿ ಇಡಿ. ಬರೀ ಗೋಲುಗಳ ತುಣುಕು ನೋಡಿ ಒಳ್ಳೆಯ ಕೋಚ್ ಯಾರೂ ನಿರ್ಧಾರ ಮಾಡುವುದಿಲ್ಲ, ಚೆಂಡಿಲ್ಲದಾಗ ಹುಡುಗ ಏನು ಮಾಡುತ್ತಾನೆ ಎಂಬುದನ್ನು ಕೇಳುತ್ತಾರೆ.

ಈ ವಾರ ಮಗನ ಕೈಯಿಂದಲೇ ಆ ಕೋಚ್‌ಗೆ ಫೋನ್ ಮಾಡಿಸಿ. ನನ್ನ ಜಾಗಕ್ಕೆ ಎಷ್ಟು ಜನ ಇದ್ದಾರೆ, ಕಳೆದ ಸೀಸನ್‌ನಲ್ಲಿ 21ರ ಒಳಗಿನ ಹುಡುಗರನ್ನು ಎಷ್ಟು ಪಂದ್ಯ ಮೊದಲ ಹನ್ನೊಂದರಲ್ಲಿ ಇಳಿಸಿದಿರಿ, ನನ್ನನ್ನು ಒಂಟಿ ಸ್ಟ್ರೈಕರ್ ಆಗಿ ಆಡಿಸುತ್ತೀರೋ ವಿಂಗ್‌ಗೆ ತಳ್ಳುತ್ತೀರೋ ಎಂದು ಅವನೇ ಕೇಳಲಿ. ಆ ಕ್ಲಬ್‌ನಲ್ಲಿ ಕಳೆದ ವರ್ಷ ಆಡಿ ಬಿಟ್ಟ ಇಬ್ಬರು ಹುಡುಗರನ್ನು ಹುಡುಕಿ ಸಂಬಳ ಯಾವ ತಾರೀಖಿಗೆ ಬರುತ್ತಿತ್ತು ಎಂದು ವಿಚಾರಿಸಿ. ಕರಡು ಒಪ್ಪಂದ ಕೈಗೆ ಬಂದ ಮೇಲೆ, ಕ್ರೀಡಾ ಒಪ್ಪಂದಗಳನ್ನು ನೋಡುವ ವಕೀಲರೊಬ್ಬರಿಗೆ ತೋರಿಸಿ ಸಹಿ ಹಾಕಿಸಿ, ಎರಡೂ ಕಡೆ ಸಹಿ ಇರುವ ಒಂದು ಮೂಲ ಪ್ರತಿಯನ್ನು ಮನೆಗೆ ತಂದಿಟ್ಟುಕೊಳ್ಳಿ.